ದವಾಖಾನೆಯ ದಾರಿ: ಜಮಖಂಡಿಯಿಂದ ಬೀಳಗಿಯವರೆಗೆ

ಜಮಖಂಡಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ನಿಂತರೆ ದವಾಖಾನೆಗೆ ಹೊರಟವರು ಯಾರು, ನೆಂಟರ ಮನೆಗೆ ಹೊರಟವರು ಯಾರು ಎಂಬುದು ಕೇಳದೆಯೇ ತಿಳಿಯುತ್ತದೆ. ದವಾಖಾನೆಗೆ ಹೊರಟವರ ಕೈಯಲ್ಲಿ ಬಟ್ಟೆ ಅಂಗಡಿಯ ಹೆಸರಿರುವ ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರೊಳಗೆ ಮಡಚಲು ಬಾರದ ಎಕ್ಸ್‌ರೇ ಹಾಳೆ, ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಚೀಟಿಗಳು, ರೇಷನ್ ಕಾರ್ಡು, ಆಧಾರ್ ಝೆರಾಕ್ಸು. ಇನ್ನೊಂದು ಕೈಯಲ್ಲಿ ರೊಟ್ಟಿ ಗಂಟು. ಒಬ್ಬರು ರೋಗಿ, ಒಬ್ಬರು ಜೊತೆಗಾರರು. ಮುಂದೆ ನಿಂತಿರುವ ಬಸ್ಸುಗಳ ಫಲಕ ಓದಿದರೆ ಈ ಸೀಮೆಯ ದೊಡ್ಡಾಸ್ಪತ್ರೆಗಳ ಪಟ್ಟಿಯನ್ನೇ ಓದಿದ ಹಾಗಾಗುತ್ತದೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿ, ಮಿರಜ.

ಮಿರಜ ಇಲ್ಲಿಯವರಿಗೆ ಎಂದೂ ಪರ ಊರಲ್ಲ. ಡಾ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದಾಗ ಜಮಖಂಡಿ, ಮುಧೋಳ, ಮಿರಜ, ಸಾಂಗಲಿ ಎಲ್ಲವೂ ಬೇರೆ ಬೇರೆ ಸಂಸ್ಥಾನಗಳು. ಜಮಖಂಡಿಯನ್ನೂ ಮಿರಜವನ್ನೂ ಆಳುತ್ತಿದ್ದವರು ಪಟವರ್ಧನ ಮನೆತನದವರೇ. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ನಡುವೆ ರಾಜ್ಯದ ಗಡಿ ಬಂತು. ಗಡಿ ಬಂದರೂ ರೋಗಿಯ ದಾರಿ ಬದಲಾಗಲಿಲ್ಲ. ಅಜ್ಜ ಆಪರೇಷನ್ನಿಗೆ ಹೋಗಿದ್ದ ಊರಿಗೆ ಮೊಮ್ಮಗನೂ ಹೋಗುತ್ತಾನೆ. ಈಗ ಆಗಿರುವ ವ್ಯತ್ಯಾಸ ಟಿಕೆಟ್ಟಿನಲ್ಲಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಗಳು ವಿಜಯಪುರಕ್ಕೋ ಹುಬ್ಬಳ್ಳಿಗೋ ದುಡ್ಡು ಕೊಡದೆ ಹೋಗಬಹುದು. ಮಿರಜದ ಬಸ್ಸು ಹತ್ತಿದರೆ ಪೂರ್ತಿ ಟಿಕೆಟ್. ಯಾವ ದವಾಖಾನೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ಈಗ ಈ ಲೆಕ್ಕವೂ ತೀರ್ಮಾನಿಸುತ್ತದೆ.

ರೈಲಂತೂ ಇಲ್ಲ. ಬಾಗಲಕೋಟೆ–ಕುಡಚಿ ನಡುವಿನ 142 ಕಿಲೋಮೀಟರ್ ಮಾರ್ಗಕ್ಕೆ 2010ರ ಸುಮಾರಿಗೆ ಮಂಜೂರಾತಿ ಸಿಕ್ಕಿತು. ಅದಕ್ಕಾಗಿ ಈ ಭಾಗದ ಜನ ಮಾಡಿದ ಧರಣಿ, ಪಾದಯಾತ್ರೆಗಳಿಗೆ ಲೆಕ್ಕವಿಲ್ಲ. ಆದರೂ ಮುಧೋಳ, ಜಮಖಂಡಿ, ಬನಹಟ್ಟಿ ಇನ್ನೂ ರೈಲಿಲ್ಲದ ಊರುಗಳೇ. ಬೆನ್ನುಹುರಿ ನೋವಿನವರು, ಡಯಾಲಿಸಿಸ್‌ನವರು, ಕಿಮೋ ಮುಗಿಸಿ ವಾಂತಿ ತಡೆದುಕೊಂಡು ಬರುವವರು ಎಲ್ಲರೂ ಬಸ್ಸಿನಲ್ಲೇ ಬರಬೇಕು.

ಜಮಖಂಡಿ ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಒಂಬತ್ತು ಗಂಟೆಗೆ ನಿಂತವರಲ್ಲಿ ಹಳ್ಳಿಯವರೇ ಹೆಚ್ಚು. ಗೋಡೆಯ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಫಲಕ: ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. 2018ರಿಂದ ಇರುವ ಈ ವ್ಯವಸ್ಥೆಯಲ್ಲಿ ತುರ್ತು ಪ್ರಕರಣ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು, ಇಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಮುಂದೆ ಹೋಗಬೇಕು. ನಿಯಮದ ಉದ್ದೇಶ ಸರಿಯಾಗಿಯೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಸರ್ಕಾರದ ದುಡ್ಡು ಖಾಸಗಿಗೆ ಏಕೆ ಹೋಗಬೇಕು? ಆದರೆ ತಜ್ಞ ವೈದ್ಯರು ರಜೆಯಲ್ಲಿದ್ದ ದಿನ, ಅಥವಾ ಆ ಹುದ್ದೆಯೇ ಖಾಲಿ ಇದ್ದಾಗ, ಚೀಟಿಗಾಗಿ ಒಂದು ದಿನ, ಚಿಕಿತ್ಸೆಗಾಗಿ ಇನ್ನೊಂದು ದಿನ ಕಳೆಯುತ್ತದೆ. ಅಂಥದೇ ಚೀಟಿ ಹಿಡಿದು ಮರದ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟು: “ದವಾಖಾನಿ ಪುಕ್ಕಟ ಐತ್ರಿ. ಹೋಗಿ ಬರೂದು ಪುಕ್ಕಟ ಇಲ್ಲ.”

ಆ ಮಾತನ್ನು ಬಿಡಿಸಿ ನೋಡೋಣ. ರೋಗಿಯ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರ ಕೂಲಿಯೂ ಹೋಯಿತು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಊರೊಳಗಿನ ಆಟೋ. ಆಸ್ಪತ್ರೆಯಲ್ಲಿ ಇಲ್ಲದ ಗುಳಿಗೆಗೆ ಹೊರಗಿನ ಮೆಡಿಕಲ್ ಶಾಪು, ಇಲ್ಲಿ ಆಗದ ಸ್ಕ್ಯಾನಿಂಗಿಗೆ ಹೊರಗಿನ ಲ್ಯಾಬು. ಅಡ್ಮಿಟ್ ಆದರೆ ಮನೆಯ ಎಮ್ಮೆಗೆ ಮೇವು ಹಾಕುವವರು ಯಾರು, ಶಾಲೆಗೆ ಹೋಗುವ ಮಗಳು ಮನೆಯಲ್ಲಿ ಉಳಿಯಬೇಕೇ ಎಂಬ ಚಿಂತೆ. ಇವುಗಳಲ್ಲಿ ಒಂದಕ್ಕೂ ಆರೋಗ್ಯ ಕಾರ್ಡಿನಲ್ಲಿ ಕಲಂ ಇಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64ರಷ್ಟಿತ್ತು. 2021–22ಕ್ಕೆ ಶೇ 39ರ ಆಸುಪಾಸಿಗೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷದ ಸಂಗತಿಯೇ. ಆದರೆ ದವಾಖಾನೆಗಾಗಿ ತಪ್ಪಿದ ಕೂಲಿ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಯೋಜನೆಗಳಿಂದ ಏನೂ ಆಗಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ. ಯೋಜನೆ ತಲುಪಿದ ಹಳ್ಳಿಗಳನ್ನೂ, ಅವುಗಳ ಪಕ್ಕದಲ್ಲೇ ಇದ್ದು ಇನ್ನೂ ತಲುಪಿರದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟನ್ನಿನ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದಯ, ಕ್ಯಾನ್ಸರಿನಂಥ ಯೋಜನೆಯಡಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾಗುವ ಸಾವು ಯೋಜನೆಯಿದ್ದ ಕಡೆ ಶೇ 64ರಷ್ಟು ಕಡಿಮೆಯಿತ್ತು. ಅಂದರೆ ಬಡವರು ದವಾಖಾನೆಗೆ ಹೋಗದಿದ್ದದ್ದು ಅಜ್ಞಾನದಿಂದಲ್ಲ, ಕೈಯಲ್ಲಿ ಕಾಸಿಲ್ಲದೆ. ದಾರಿ ತೆರೆದಾಗ ಅವರು ಹೋದರು, ಬದುಕಿದರು. ಹಾಗಿರುವಾಗ ಇನ್ನೂ ಮುಚ್ಚಿರುವ ದಾರಿಗಳು ಯಾವುವು ಎಂಬುದನ್ನು ನೋಡಬೇಕು. ಅದಕ್ಕೆ ಬನಹಟ್ಟಿಗೆ ಬರಬೇಕು.

ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಊರಿನ ಜೊತೆಗೇ ಏಳುತ್ತದೆ, ಊರು ಮಲಗಿದ ಮೇಲೂ ಕೆಲವು ಕಡೆ ಇರುತ್ತದೆ. ಮನೆಯ ಮುಂದಿನ ಖೋಲಿಯಲ್ಲಿ ಎರಡು ಮಗ್ಗ, ನಾಲ್ಕು ಮಗ್ಗ. ಹಿಂದಿನ ಖೋಲಿಯಲ್ಲಿ ಸಂಸಾರ. ನಾನು ಹೋದ ಒಂದು ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಲಾಳಿ ಆ ಬದಿಯಿಂದ ಈ ಬದಿಗೆ ಬಡಿಯುವ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಕುತ್ತದೆ. ನೇಕಾರ ಅಣ್ಣನಿಗೆ ನಾನು ಕೂಗಿ ಕೇಳಿದೆ. ಅವರು ನನ್ನ ದನಿಯನ್ನು ಕೇಳಲಿಲ್ಲ, ತುಟಿ ನೋಡಿ ಉತ್ತರಿಸಿದರು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿಳಿ ಅರಳೆ ಕೂತಿತ್ತು. ಒಂದು ಎಳೆ ಹರಿದಾಗ ಮಗ್ಗ ನಿಲ್ಲಿಸಿ, ಎರಡು ಬೆರಳಿನಲ್ಲಿ ಗಂಟು ಹಾಕಿ, ಮತ್ತೆ ಹ್ಯಾಂಡಲ್ ಎಳೆಯಲು ಅವರಿಗೆ ಉಸಿರು ಬಿಡುವಷ್ಟು ಹೊತ್ತೂ ಬೇಕಾಗಲಿಲ್ಲ. ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದ ಅವರ ತಾಯಿ ಆಗಾಗ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ; ಅಷ್ಟು ಹಳೆಯ ಕೆಮ್ಮು ಅದು.

ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಬಿಸಿನೋಸಿಸ್. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಆರಂಭದ ಗುರುತು. ಪರಿಹಾರ ಕೊಡಬೇಕಾದ ಔದ್ಯೋಗಿಕ ರೋಗಗಳ ಕಾನೂನು ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಕಾರ್ಖಾನೆಯೊಳಗೆ ಎಂಟು ತಾಸಿನ ಪಾಳಿಗೆ 90 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಇರಬಾರದೆಂಬ ನಿಯಮವೂ ಇದೆ. ಲಾಳಿ ಮಗ್ಗಗಳ ಶೆಡ್ಡು ಸಾಮಾನ್ಯವಾಗಿ ಅದನ್ನು ದಾಟುತ್ತದೆ. ಆದರೆ ಕಾನೂನು ಕಾಣುವುದು ಕಾರ್ಖಾನೆಯನ್ನು, ಮನೆಯ ಮುಂದಿನ ಖೋಲಿಯನ್ನಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಅನ್ವಯಿಸುತ್ತದೆ. ನಾಲ್ಕು ಮಗ್ಗಕ್ಕೆ ಇಬ್ಬರು ನೇಯುವವರು, ಒಬ್ಬರು ಕಂಡಿಕೆಯವರು. ಇಡೀ ಓಣಿಯನ್ನು ಸೇರಿಸಿದರೆ ದೊಡ್ಡ ಗಿರಣಿಯೇ ಆದೀತು. ಬಿಡಿ ಬಿಡಿಯಾಗಿ ನೋಡಿದರೆ ಕಾಯ್ದೆಯ ಹೊರಗೆ. ಬೆಂಗಳೂರಿನ ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಜ್ವರ ಬಂದರೆ ಇಎಸ್‌ಐ ಆಸ್ಪತ್ರೆ ಇದೆ, ಡಾಕ್ಟರು ರಜೆ ಬರೆದುಕೊಟ್ಟ ದಿನಗಳಿಗೆ ಪಗಾರದ ಒಂದು ಪಾಲೂ ಸಿಗುತ್ತದೆ. ಅವಳು ಹೊಲಿಯುವ ಬಟ್ಟೆಯಂಥದೇ ಬಟ್ಟೆಯನ್ನು ನೇಯುವ ಬನಹಟ್ಟಿಯ ಅಣ್ಣನಿಗೆ ಜ್ವರ ಬಂದರೆ ಮಗ್ಗ ನಿಲ್ಲುತ್ತದೆ, ಮಗ್ಗದ ಜೊತೆ ವಾರದ ಬಟವಾಡೆಯೂ ನಿಲ್ಲುತ್ತದೆ.

ಹಿಂದೆ ಕೈಮಗ್ಗದವರಿಗೆ ಕೇಂದ್ರದ ಆರೋಗ್ಯ ವಿಮೆ ಇತ್ತು. 2005–06ರಲ್ಲಿ ಶುರುವಾದ ಅದು ಕುಟುಂಬಕ್ಕೆ ವರ್ಷಕ್ಕೆ 15 ಸಾವಿರ ರೂಪಾಯಿವರೆಗೆ ಕೊಡುತ್ತಿತ್ತು. ಮೊತ್ತ ಸಣ್ಣದು, ಆದರೆ ಅದರಲ್ಲಿ ಒಂದು ದೊಡ್ಡ ಗುಣವಿತ್ತು: ಅಡ್ಮಿಟ್ ಆಗದೆ ತೋರಿಸಿಕೊಂಡು ಬಂದ ಖರ್ಚಿಗೂ, ಗುಳಿಗೆ–ಔಷಧಿಗೂ ಅದರಲ್ಲಿ ಪಾಲಿತ್ತು. ನೇಕಾರನ ಕಾಯಿಲೆಗಳು ಬಹುಪಾಲು ಅಂಥವೇ. ಸೊಂಟ ನೋವು, ದಮ್ಮು, ಕಿವಿ ಮಂದ, ಕಣ್ಣುರಿ, ಬಿಪಿ, ಸಕ್ಕರೆ. ಇವುಗಳಿಗೆ ಯಾರೂ ಆಪರೇಷನ್ ಥಿಯೇಟರಿಗೆ ಹೋಗುವುದಿಲ್ಲ, ತಿಂಗಳು ತಿಂಗಳು ಗುಳಿಗೆ ಕೊಳ್ಳುತ್ತಾರೆ. ಈಗಿನ ದೊಡ್ಡ ವಿಮೆಗಳು ಹೃದಯದ ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡುತ್ತವೆ, ಖಾಸಗಿ ಡಾಕ್ಟರ ಹತ್ತಿರ ತಿಂಗಳು ತಿಂಗಳು ಹೋಗುವ ಈ ಚಿಲ್ಲರೆ ಖರ್ಚಿಗೆ ಏನೂ ಕೊಡುವುದಿಲ್ಲ. ಪಾವರ್‌ಲೂಮ್‌ನವರಿಗಂತೂ ಆ ಹಳೆಯ ವಿಮೆಯೂ ಇರಲಿಲ್ಲ. ಸಹಕಾರಿ ಸಂಘದ ಸದಸ್ಯರಾದವರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2003ರಲ್ಲಿ ಬಂದು, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಶುರುವಾದ ಅದು ಬಡವರು ವಂತಿಗೆ ಕೊಟ್ಟು ಕಟ್ಟಿದ ಗಟ್ಟಿ ವ್ಯವಸ್ಥೆ. ಆದರೆ ಸಂಘದ ಸದಸ್ಯತ್ವವಿಲ್ಲದೆ ಮಾಲಕರ ಶೆಡ್ಡಿನಲ್ಲಿ ಮಜೂರಿಗೆ ನೇಯುವವರು ಅದರ ಹೊರಗೆ ಉಳಿಯುತ್ತಾರೆ. ನೇಕಾರ ಸಮ್ಮಾನ ಯೋಜನೆಯಲ್ಲಿ ಸಿಗುವ ವರ್ಷದ 5 ಸಾವಿರ ರೂಪಾಯಿ ಮಕ್ಕಳ ಫೀಜು, ಅಂಗಡಿ ಬಾಕಿಯಲ್ಲಿ ಕರಗುತ್ತದೆ.

ಸಮಯದ ಪ್ರಶ್ನೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವುದು ಹಗಲು, ಮಗ್ಗ ಓಡುವುದೂ ಹಗಲು. ಪೀಸಿನ ಲೆಕ್ಕದಲ್ಲಿ ದುಡಿಯುವವನು ಅರ್ಧ ದಿನ ಸಾಲಿನಲ್ಲಿ ನಿಂತರೆ ಅರ್ಧ ಸೀರೆ ಕಳೆದುಕೊಂಡ ಹಾಗೆ. ಹಾಗಾಗಿ ರಾತ್ರಿ ಎಂಟರ ಮೇಲೆ ಓಣಿಯ ತುದಿಯ ಖಾಸಗಿ ಡಾಕ್ಟರ ಹತ್ತಿರ ಜನ ಸೇರುತ್ತಾರೆ. ಸೂಜಿ, ಎರಡು ಬಣ್ಣದ ಗುಳಿಗೆ, ನಿಶ್ಶಕ್ತಿಗೆ ಸಲಾಯಿನ್. ಮರುದಿನ ಬೆಳಿಗ್ಗೆ ಮತ್ತೆ ಮಗ್ಗ. “ಅಲ್ಲಿ ದುಡ್ಡು ಕೊಡತೇವಿ, ಆದ್ರ ದಿನ ಉಳೀತೈತಿ,” ಎಂದರು ಒಬ್ಬ ಅಕ್ಕ. ಅವರ ಲೆಕ್ಕ ತಪ್ಪಲ್ಲ. ತಪ್ಪಿರುವುದು ದುಡಿಯುವವರ ಗಡಿಯಾರ ನೋಡದೆ ಇಟ್ಟ ಆಸ್ಪತ್ರೆಯ ವೇಳೆ. ದೊಡ್ಡ ಕಾಯಿಲೆ ಬಂದಾಗ ಮಾಲಕರಿಂದ ಮುಂಗಡ, ಮುಂಗಡ ತೀರುವವರೆಗೆ ಅದೇ ಶೆಡ್ಡು. ಸಾಲದ ಹೊರೆಯಲ್ಲಿ ನೇಕಾರರು ಜೀವ ಕಳೆದುಕೊಂಡ ಸುದ್ದಿ ಈ ಅವಳಿ ಊರಿನಿಂದ ಪತ್ರಿಕೆಗಳಿಗೆ ಬಂದದ್ದಿದೆ. ಆ ಸಾಲಗಳ ಬೇರು ಹಿಡಿದು ಹೊರಟರೆ ನೂಲಿನ ದರ, ಸೀರೆಯ ದರದ ಜೊತೆಗೆ ಎಷ್ಟೋ ಸಲ ಒಂದು ದವಾಖಾನೆ ಬಿಲ್ಲೂ ಸಿಗುತ್ತದೆ. ಕಟ್ಟಡ ಕಾರ್ಮಿಕರಿಗಿರುವಂಥ ಸೌಲಭ್ಯ ನಮಗೂ ಬೇಕು ಎಂದು ನೇಕಾರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ನ್ಯಾಯವಾದ ಕೇಳಿಕೆ.

ಬನಹಟ್ಟಿಯಿಂದ ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಬರುವ ದಾರಿಯ ಎರಡೂ ಬದಿ ಕಬ್ಬು. ಕೃಷ್ಣೆ, ಘಟಪ್ರಭೆಯ ನೀರು ಈ ನೆಲಕ್ಕೆ ಹಣ ತಂದಿದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದ ಸೀಮೆ ಇದು. ಆ ನೀರಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು, ಹಣದ ಹಿಂದೆ ನರ್ಸಿಂಗ್ ಹೋಮುಗಳು ಬಂದವು. ಹೊಲವಿದ್ದವರಿಗೆ ದವಾಖಾನೆ ಹತ್ತಿರವಾಯಿತು. ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ಲೇಖನದ ಸಾರ ಇದೇ: ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ, ಚಿಕಿತ್ಸೆಯನ್ನು ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಈ ತಲೆಕೆಳಗು ಹೆಚ್ಚುತ್ತದೆ. ಗಣಿಯ ಜಾಗದಲ್ಲಿ ಮಗ್ಗವನ್ನೂ ಕಬ್ಬಿನ ಗದ್ದೆಯನ್ನೂ ಇಟ್ಟು ಓದಿದರೆ ಅದು ಜಮಖಂಡಿ, ರಬಕವಿ–ಬನಹಟ್ಟಿ, ಮುಧೋಳ, ಬೀಳಗಿ ಈ ನಾಲ್ಕು ತಾಲ್ಲೂಕುಗಳ ವರದಿ.

ಮುಧೋಳ ಎಂದರೆ ಹೊರಗಿನವರಿಗೆ ನಾಯಿಯ ತಳಿ ನೆನಪಾಗುತ್ತದೆ, ಓದುಗರಿಗೆ ರನ್ನ. ನನಗೆ ಮುಧೋಳ ಇನ್ನೊಂದು ಕಾರಣಕ್ಕೆ ದೊಡ್ಡ ಊರು. ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ನಡೆದ ಕೆಲಸ ಇಡೀ ರಾಜ್ಯಕ್ಕೆ ಪಾಠವಾಗಬೇಕಿತ್ತು.

2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿ ಎಚ್‌ಐವಿ ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿ ಸಮೀಕ್ಷೆ ನಡೆಸಿದರು. ವಯಸ್ಕರಲ್ಲಿ ಶೇ 2.9! ಗರ್ಭಿಣಿಯರಲ್ಲಿ ಶೇ 1 ದಾಟಿದರೇ ಹೆಚ್ಚು ಸೋಂಕಿನ ಜಿಲ್ಲೆ ಎಂದು ಗುರುತಿಸುತ್ತಿದ್ದ ಕಾಲ ಅದು. ಇನ್ನೂ ಬೆಚ್ಚಿಬೀಳಿಸಿದ ಸಂಗತಿ, ಸೋಂಕು ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚಿತ್ತು. ಏಡ್ಸ್ ಎಂದರೆ ಮುಂಬಯಿಯ ಕಾಯಿಲೆ, ಲಾರಿ ಡ್ರೈವರುಗಳ ಕಾಯಿಲೆ ಎಂದುಕೊಂಡಿದ್ದವರಿಗೆ ಕಬ್ಬಿನ ಹಳ್ಳಿಗಳು ಬೇರೆಯೇ ಕಥೆ ಹೇಳಿದವು. ದೇವದಾಸಿ ಪದ್ಧತಿಯಲ್ಲಿ ದೇವರ ಹೆಸರಿಗೆ ಬಿಟ್ಟ ದಲಿತ ಹೆಣ್ಣುಮಕ್ಕಳು, ಅವರ ಊರಿನವರೇ ಆದ ಗಿರಾಕಿಗಳು, ಆ ಗಿರಾಕಿಗಳ ಮನೆಯ ಹೆಂಡಂದಿರು, ಹುಟ್ಟಿದ ಮಕ್ಕಳು. 1982ರಲ್ಲೇ ಪದ್ಧತಿಯನ್ನು ನಿಷೇಧಿಸಿ ಕಾಯ್ದೆ ಮಾಡಿದ್ದರೂ 1993–94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿದ್ದರು, 2007–08ರಲ್ಲಿ ಇನ್ನೂ 23,787 ಹೆಸರು ಸೇರಿದವು. ಅತಿ ಹೆಚ್ಚು ಹೆಸರುಗಳು ಬಂದ ಜಿಲ್ಲೆಗಳಲ್ಲಿ ಬೆಳಗಾವಿ, ಬಾಗಲಕೋಟೆ ಇವೆ.

ಆ ದಿನಗಳಲ್ಲಿ ದವಾಖಾನೆಗೆ ಹೋದ ಸೋಂಕಿತರನ್ನು ಮುಟ್ಟದೆ ಕಳಿಸಿದ ಕಥೆ, ಹೆರಿಗೆಗೆ ಬಂದವಳನ್ನು ರಿಪೋರ್ಟ್ ನೋಡಿ ಬೇರೆ ಊರಿಗೆ ಹೊಡೆದ ಕಥೆ ಇಲ್ಲಿಯ ಯಾವ ಹಿರಿಯ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಜಾತಿ ಒಂದು, ಕಸುಬು ಇನ್ನೊಂದು, ರೋಗ ಮತ್ತೊಂದು. ಮೂರು ಬಾಗಿಲು ಮುಚ್ಚಿದ್ದವು. ಅವು ತೆರೆದದ್ದು ಹೇಗೆ? 2001ರಲ್ಲಿ ಶುರುವಾದ ಭಾರತ–ಕೆನಡಾ ಸಹಯೋಗದ ಎಚ್‌ಐವಿ ಯೋಜನೆ ಜಿಲ್ಲೆಯಲ್ಲಿ ಬೇರು ಬಿಟ್ಟಿತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ದುಡ್ಡು, ತಜ್ಞತೆ ಹೊರಗಿನಿಂದ ಬಂತು ನಿಜ. ಆದರೆ ಓಣಿ ಓಣಿ ತಿರುಗಿದವರು ಅದೇ ಸಮುದಾಯದ ಹೆಣ್ಣುಮಕ್ಕಳು. ಅವರೇ ಸಂಘ ಕಟ್ಟಿದರು. ಮುಧೋಳ ಸೀಮೆಯ ಚೈತನ್ಯ ಮಹಿಳಾ ಸಂಘ ಅಂಥದು. ಒಬ್ಬಳು ಪರೀಕ್ಷೆಗೆ ಹೋದರೆ ಜೊತೆಗೆ ಇನ್ನೊಬ್ಬಳು ಹೋದಳು. ಡಾಕ್ಟರು ಬೈದರೆ ಹತ್ತು ಜನ ಹೋಗಿ ಕೂತರು. 2004ರ ಏಪ್ರಿಲ್‌ನಲ್ಲಿ ದೇಶದ ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಉಚಿತವಾಗಿ ಶುರುವಾಯಿತು, ಕರ್ನಾಟಕವೂ ಅವುಗಳಲ್ಲಿ ಒಂದು. ಮೊದಲು ದೊಡ್ಡ ಊರಿಗಷ್ಟೇ ಇದ್ದ ಮಾತ್ರೆ ಮುಂದೆ ಜಿಲ್ಲೆಗೆ, ಆಮೇಲೆ ತಾಲ್ಲೂಕಿಗೆ ಬಂತು. ಇಡೀ ದಿನ ಪ್ರಯಾಣ ಮಾಡಿ ತರುವ ಗುಳಿಗೆಯನ್ನು ಬಡವ ಬಹಳ ದಿನ ನುಂಗಲಾರ ಎಂಬುದನ್ನು ಅರ್ಥ ಮಾಡಿಕೊಂಡು ಮಾಡಿದ ವ್ಯವಸ್ಥೆ ಅದು. 2017ರ ಎಚ್‌ಐವಿ ಕಾಯ್ದೆ ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸುವ ಹೊತ್ತಿಗೆ ಇಲ್ಲಿಯ ಹೆಣ್ಣುಮಕ್ಕಳು ಅದನ್ನು ಬಾಯಿಮಾತಿನಲ್ಲೇ ಜಾರಿಗೆ ತಂದಿದ್ದರು.

ಈಗ ಮಾತ್ರೆ ತೆಗೆದುಕೊಳ್ಳಲು ಬರುವವರಲ್ಲಿ ನಲವತ್ತು, ಐವತ್ತು ದಾಟಿದವರು ಕಾಣುತ್ತಾರೆ. ಆಗ ಸಾಯುತ್ತಾರೆ ಎಂದು ಮನೆಯವರು ಕೈಬಿಟ್ಟವರು ಇವತ್ತು ಮೊಮ್ಮಕ್ಕಳ ಕೈಹಿಡಿದು ನಡೆಯುತ್ತಿದ್ದಾರೆ. ಅವರ ಜೊತೆ ಮಾತಾಡಿದಾಗ ಹೊಸ ತೊಂದರೆ ತಿಳಿಯಿತು. ಎಚ್‌ಐವಿಗೆ ಗುಳಿಗೆ ತಪ್ಪದೆ ಸಿಗುತ್ತದೆ, ಸಕ್ಕರೆ ಕಾಯಿಲೆಗೂ ಬಿಪಿಗೂ ಅಷ್ಟು ಖಾತ್ರಿ ಇಲ್ಲ. ಒಂದು ರೋಗಕ್ಕೆ ಕಟ್ಟಿದ ಒಳ್ಳೆಯ ದಾರಿಯನ್ನು ಉಳಿದ ರೋಗಗಳಿಗೆ ನಾವು ಹಾಸಲೇ ಇಲ್ಲ. ನೇಕಾರರ ದಮ್ಮಿಗೆ ಓಣಿಯಲ್ಲೇ ತಿರುಗುವ ಕಾರ್ಯಕರ್ತೆ ಏಕಿಲ್ಲ? ಹೆಸರು ಬರೆದಿಟ್ಟು, ತಿಂಗಳು ತಪ್ಪಿದರೆ ಮನೆಗೆ ಬಂದು ವಿಚಾರಿಸುವವರು ಏಕಿಲ್ಲ? ಮಾಡಲಾಗುವುದಿಲ್ಲ ಎಂದು ಮುಧೋಳ ನೋಡಿದ ಯಾರೂ ಹೇಳುವಂತಿಲ್ಲ.

ದೀಪಾವಳಿ ಆಸುಪಾಸು ಕಾರ್ಖಾನೆಗಳ ಚಿಮಣಿಗೆ ಹೊಗೆ ಬಂದಾಗ ಇನ್ನೊಂದು ಜನ ಬರುತ್ತದೆ. ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು, ವಿಜಯಪುರ ಕಡೆಯ ತಾಂಡಾಗಳ ಲಂಬಾಣಿ ಕುಟುಂಬಗಳು. ಗದ್ದೆಯ ಬದಿಗೆ ತಾಡಪತ್ರಿಯ ಗುಡಿಸಲು, ಟೈರಿನ ಗಾಡಿ, ಕೂಸು ಕಟ್ಟಿದ ಜೋಲಿ. ಗಂಡ–ಹೆಂಡತಿ ಜೋಡಿಯಾಗಿ ಮುಂಗಡ ಪಡೆದಿರುತ್ತಾರೆ. ಒಬ್ಬರು ಕೆಲಸ ತಪ್ಪಿಸಿದರೆ ಮುಂಗಡ ಕೊಟ್ಟ ಮುಕಾದಮ ಆ ದಿನದ ದಂಡ ಹಿಡಿಯುತ್ತಾನೆ. ಮುಟ್ಟಿನ ದಿನ ಕೂರುವಂತಿಲ್ಲ, ಬಸುರಿಗೆ ಬಿಡುವಿಲ್ಲ. ಈ ದಂಡದ ಭಯ ಹೆಂಗಸರ ಮೈಗೆ ಏನು ಮಾಡುತ್ತದೆ ಎಂಬುದು 2019ರಲ್ಲಿ ಬೀಡ ಜಿಲ್ಲೆಯಿಂದಲೇ ಹೊರಬಂತು. ಮಹಾರಾಷ್ಟ್ರ ಸರ್ಕಾರದ ಸಮಿತಿ 82 ಸಾವಿರ ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಇದಕ್ಕೆ ನಾಲ್ಕು ವರ್ಷ ಮೊದಲೇ ನಮ್ಮ ಕಲಬುರಗಿಯ ತಾಂಡಾಗಳಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದ ಪ್ರಕರಣ ರಾಜ್ಯವನ್ನು ಕಲಕಿತ್ತು. ಬಡವರಿಗೆ ಚಿಕಿತ್ಸೆ ಸಿಗದಿರುವುದು ಒಂದು ಅನ್ಯಾಯ, ಬೇಡದ ಚಿಕಿತ್ಸೆಯನ್ನು ಅವರ ಮೇಲೆ ಹೇರುವುದು ಇನ್ನೊಂದು. ಎರಡೂ ಒಂದೇ ಮನೆಯ ಬಾಗಿಲಿಗೆ ಬರುತ್ತವೆ.

ಮುಧೋಳದ ಹತ್ತಿರದ ಒಂದು ಗುಡಿಸಲಿನ ಮುಂದೆ ಆರು ತಿಂಗಳ ಬಸುರಿ ಹೆಣ್ಣುಮಗಳು ಕಬ್ಬಿನ ಸಿವುಡು ಕಟ್ಟುತ್ತಿದ್ದಳು. ತಾಯಿ ಕಾರ್ಡು ಊರಲ್ಲಿದೆ ಎಂದಳು. ಅವಳ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳು ಗೈರು, ಇಲ್ಲಿಯ ಆಶಾಳ ಪಟ್ಟಿಯಲ್ಲಿ ಹೆಸರೇ ಇಲ್ಲ. ಹಾಗಿದ್ದೂ ಇಲ್ಲಿಯ ಆಶಾ ಆ ವಾರ ಬಂದು ಕಬ್ಬಿಣಾಂಶದ ಗುಳಿಗೆ ಕೊಟ್ಟು ಹೋಗಿದ್ದಳು. ಕೆಲಸದ ಲೆಕ್ಕದಲ್ಲಿ ಗೌರವಧನ ಪಡೆಯುವ, ಕನಿಷ್ಠ ಮೊತ್ತಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದ ಆಶಾಗಳಲ್ಲಿ ಒಬ್ಬಳಾಕೆ. ಈ ವ್ಯವಸ್ಥೆ ನಿಂತಿರುವುದೇ ಇಂಥ ಹೆಣ್ಣುಮಕ್ಕಳ ಮೇಲೆ.

ಬೀಳಗಿಯ ದಾರಿ ಹಿಡಿದಂತೆ ಹಿನ್ನೀರು ಕಾಣತೊಡಗುತ್ತದೆ. ಆಲಮಟ್ಟಿ ಅಣೆಕಟ್ಟಿನ ನೀರು 519.6 ಮೀಟರಿಗೆ ನಿಂತಾಗ ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಳುಗಿ, ಜನ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಬಂದರು. 524.256 ಮೀಟರಿಗೆ ಏರಿಸುವ ಮಾತು 2010ರ ನ್ಯಾಯಮಂಡಳಿ ತೀರ್ಪಿನಿಂದಲೂ ಇದೆ. ಎಂದು ಏರುತ್ತದೋ, ಎಂದು ಮತ್ತೆ ಏಳಬೇಕೋ ಎಂಬ ಅನುಮಾನದಲ್ಲೇ ಬದುಕು. ಕೇಂದ್ರಗಳಲ್ಲಿ ರಸ್ತೆ ಅಗಲವಿದೆ, ಶಾಲೆ ಇದೆ. ದವಾಖಾನೆಗೆ ಬೀಳಗಿ, ಮುಂದಕ್ಕೆ ಬಾಗಲಕೋಟೆ. ಹೊಲ ಹೋದವರು ಕೂಲಿಗೆ ಗೋವಾ, ಮಂಗಳೂರು ಹಿಡಿದಿದ್ದಾರೆ; ಉಳಿದವರು ಮುದುಕರು. ಒಬ್ಬ ಯವ್ವ ಬಿಪಿ ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತಿದ್ದರು, ತಿಂಗಳಿನದು ಎರಡು ತಿಂಗಳಿಗೆ ಬರಲಿ ಎಂದು. ಬೀಳಗಿಗೆ ಬಸ್ಸು ಪುಕ್ಕಟೆ ಅಲ್ಲವೇನವ್ವಾ ಎಂದೆ. “ಬಸ್ಸು ಪುಕ್ಕಟ ಐತಿ ನನ್ನಪ್ಪಾ, ಬಸ್ಟ್ಯಾಂಡ್ ತನಾ ನಡಿಯಾಕ ಮೊಣಕಾಲು ಬೇಕಲ್ಲ.”

ಇವೆಲ್ಲ ಸರ್ಕಾರಕ್ಕೆ ಗೊತ್ತಿಲ್ಲದ ಮಾತಲ್ಲ. 2001ರಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ ಸರ್ಕಾರಕ್ಕೆ ಕೊಟ್ಟ ವರದಿಯ ಶೀರ್ಷಿಕೆಯಲ್ಲೇ ಸಮತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಮಾತುಗಳಿದ್ದವು. ಉತ್ತರದ ಜಿಲ್ಲೆಗಳ ಹಿಂದುಳಿಯುವಿಕೆಯನ್ನು ಅದು ಎತ್ತಿ ಹೇಳಿತ್ತು. ಅದಕ್ಕೂ ಮೊದಲು, 1946ರಲ್ಲೇ, ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ ಹೇಳಿತ್ತು. ಗುಣಮಟ್ಟದ ಮಾತನ್ನು ಮರೆತರೆ ಏನಾಗುತ್ತದೆ ಎಂಬುದನ್ನು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ನೋಡಿದ್ದೇವೆ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅವರು ಸರ್ಕಾರಿ ಆಸ್ಪತ್ರೆಯನ್ನು ನಂಬಿ ಬಂದವರು. ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆ ಎಂದರೆ ಸಾಮಾನ್ಯವಾಗಿ 100 ಹಾಸಿಗೆ, ಸಮುದಾಯ ಆರೋಗ್ಯ ಕೇಂದ್ರ ಎಂದರೆ 30. ಹಾಸಿಗೆ ಎಣಿಸುವುದು ಸುಲಭ. ಅರಿವಳಿಕೆ ತಜ್ಞರು ರಾತ್ರಿ ಊರಲ್ಲಿದ್ದಾರೆಯೇ, ಮಕ್ಕಳ ಡಾಕ್ಟರ ಹುದ್ದೆ ತುಂಬಿದೆಯೇ ಎಂಬುದನ್ನು ಎಣಿಸಬೇಕು.

ಈ ಸೀಮೆಯ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ಬನಹಟ್ಟಿಯಲ್ಲಿ ಮಗ್ಗ ನಿಲ್ಲುವ ಹೊತ್ತಿಗೆ, ಸಂಜೆ ಏಳರಿಂದ ಹತ್ತರವರೆಗೆ, ಸರ್ಕಾರಿ ಹೊರರೋಗಿ ವಿಭಾಗ ತೆರೆಯಿರಿ. ಅಲ್ಲಿ ಉಸಿರು ಅಳೆಯುವ ಯಂತ್ರ ಇಡಿ, ಕಿವಿ ಪರೀಕ್ಷೆ ಮಾಡಿ, ನೇಕಾರರ ಹೆಸರು ಬರೆದಿಡಿ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗಳಿಂದ ಗ್ಯಾಂಗುಗಳ ಪಟ್ಟಿ ಪಡೆದು ಬಸುರಿಯರಿಗೆ ಇಲ್ಲಿಯೇ ತಾಯಿ ಕಾರ್ಡು ಕೊಡಿ. ಪುನರ್ವಸತಿ ಕೇಂದ್ರಗಳಿಗೆ ಬಿಪಿ, ಸಕ್ಕರೆಯ ಗುಳಿಗೆಯನ್ನು ತಿಂಗಳಿಗೊಮ್ಮೆ ಮನೆಗೆ ಮುಟ್ಟಿಸಿ. ಇದನ್ನೆಲ್ಲ ಹೇಗೆ ಮಾಡುವುದು ಎಂದು ತಿಳಿಯದಿದ್ದರೆ ಮುಧೋಳದ ಹೆಣ್ಣುಮಕ್ಕಳನ್ನು ಕೇಳಿ. ಅವರು ಮಾಡಿ ತೋರಿಸಿದ್ದಾರೆ, ಅವರಲ್ಲಿ ಬಹಳ ಜನ ಇನ್ನೂ ಇದೇ ಊರುಗಳಲ್ಲಿದ್ದಾರೆ.